ತಾಳ ಹಾಕುವವರು ಅಲ್ಲಿರಬೇಕು

ಮೊನ್ನೆ ನಮ್ಮ ನೃತ್ಯಶಾಲೆಗೆ ಹೊಸದಾಗಿ ಕಲಿಸಲು ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಕಾಫಿ ಕುಡಿದು, ನನ್ನ ಮಂಡಿನೋವು ವಿಚಾರಿಸಿ, ಕೊನೆಗೆ ವಿಷಯಕ್ಕೆ ಬಂದರು. ‘ಮಿಸ್, ಹೊರದೇಶದ ಮಕ್ಕಳಿಗೆ ವಿಡಿಯೋದಲ್ಲಿ ಹೇಳಿಕೊಡಬೇಕಂತೆ. ಅದನ್ನ ಹೆಂಗೆ ಮಾಡ್ತಿದ್ರಿ?’ ಎಂದರು. ನನಗೆ ತಿಳಿದ ಉಪಾಯಗಳನ್ನೆಲ್ಲ ಹೇಳಿದೆ. ಫೋನನ್ನು ಎಷ್ಟು ದೂರ ಇಡಿಸಬೇಕು, ಪಾದ ಕಾಣುವ ಹಾಗೆ ಮಗುವನ್ನು ಎಲ್ಲಿ ನಿಲ್ಲಿಸಬೇಕು, ಇಂಥವು. ಅವರು ಹೋದ ಮೇಲೆ, ಹೇಳಬೇಕಾದದ್ದು ಇದಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ವಿಮಲಾ. ಹಿರಿಯೂರಿನ ಪಕ್ಕದ ಬಬ್ಬೂರಿನವಳು. ಅಪ್ಪ ಅಲ್ಲಿಯ ಸರ್ಕಾರಿ ಕೃಷಿ ಫಾರಂನಲ್ಲಿ ಕೂಲಿ ಮಾಡುತ್ತಿದ್ದರು. ಕ್ವಾರ್ಟರ್ಸಿಗೆ ವರ್ಗವಾಗಿ ಬಂದ ಒಬ್ಬ ಅಧಿಕಾರಿಯ ಹೆಂಡತಿ ಸಂಜೆ ಹೊತ್ತು ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದರು. ನಾನು ಅವರ ಕಿಟಕಿಯ ಹೊರಗೆ ನಿಂತು, ಒಳಗಿನವರು ಮಾಡಿದ್ದನ್ನೇ ಮಣ್ಣಿನ ಮೇಲೆ ಮಾಡುತ್ತಿದ್ದೆ. ಒಂದು ದಿನ ಅವರು ಬಾಗಿಲು ತೆರೆದು, ‘ಕಾಲು ತೊಳ್ಕೊಂಡು ಒಳಗೆ ಬಾ’ ಎಂದರು. ಅಲ್ಲಿಂದ ಶುರುವಾಯಿತು. ಅವರಿಗೆ ಬೇರೆ ಊರಿಗೆ ವರ್ಗವಾಗುವ ಮೊದಲು ನನ್ನನ್ನು ಚಿತ್ರದುರ್ಗದಲ್ಲಿ ನೃತ್ಯಶಾಲೆ ನಡೆಸುತ್ತಿದ್ದ ತಮ್ಮ ಪರಿಚಯದವರ ಕೈಗೆ ಒಪ್ಪಿಸಿಹೋದರು. ಆ ಶಾಲೆಯ ಗುರುಗಳನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತಿದ್ದೆವು. ಮೊದಲು ಅವರ ಶಿಷ್ಯೆಯಾದೆ, ಆಮೇಲೆ ಅವರ ಶಾಲೆಯಲ್ಲೇ ಟೀಚರಾದೆ. ಮಂಡಿ ಕೈಕೊಡುವವರೆಗೂ ಅಲ್ಲೇ ಇದ್ದೆ.

ದೊಡ್ಡ ಮೇಡಂ ನನ್ನ ಕಾಲಿಗಿಂತ ಮೊದಲು ನನ್ನ ನಾಲಗೆಯನ್ನು ತಿದ್ದಿದರು. ‘ಐತೆ ಅನ್ನಬೇಡ ವಿಮಲಾ, ಇದೆ ಅನ್ನು. ಮಾತು ಶುದ್ಧವಾಗದೆ ಜತಿ ಶುದ್ಧವಾಗೋದಿಲ್ಲ.’ ನಾನು ತಿದ್ದಿಕೊಂಡೆ. ಎಷ್ಟು ತಿದ್ದಿಕೊಂಡೆನೆಂದರೆ, ರಜೆಗೆ ಬಬ್ಬೂರಿಗೆ ಹೋದಾಗ ನಮ್ಮಮ್ಮ, ‘ಇದೇನೇ, ರೇಡಿಯೋ ಮಾತಾಡ್ದಂಗೆ ಮಾತಾಡ್ತಿ’ ಎಂದು ನಗುತ್ತಿದ್ದಳು. ಮೇಡಂ ಕೆಟ್ಟವರೇನಲ್ಲ. ಜ್ವರ ಬಂದರೆ ಗಂಜಿ ಮಾಡಿ ಕೊಡುತ್ತಿದ್ದರು. ಆದರೆ ನಾಟ್ಯಕ್ಕೆ ಒಂದು ಮನೆ ಇದೆ, ಆ ಮನೆಗೆ ಬರುವವರು ಹೊಸಿಲಲ್ಲಿ ತಮ್ಮದನ್ನೆಲ್ಲ ಬಿಟ್ಟು ಬರಬೇಕು ಎಂದು ಅವರು ನಂಬಿದ್ದರು.

ಶಾಲೆಯ ಶಾಖೆಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿದ್ದವು. ವಾರಕ್ಕೊಮ್ಮೆ ಒಂದೊಂದು ಊರಿಗೆ ಬಸ್ಸು ಹತ್ತುವುದು ನನ್ನ ಪಾಲಿಗೆ ಬಂದಿತ್ತು. ಹಿರಿಯೂರಿನಲ್ಲಿ ಸಿಮೆಂಟು ನೆಲ, ಹೊಸದುರ್ಗದಲ್ಲಿ ಒಂದು ಶಾಲೆಯ ಸಭಾಂಗಣ, ಅದಕ್ಕೆ ಕಡಪಾ ಕಲ್ಲು. ಹೊಳಲ್ಕೆರೆಯಲ್ಲಿ ಔಷಧಿ ಅಂಗಡಿಯ ಮೇಲಿನ ಕೋಣೆ. ಮಕ್ಕಳು ಕಾಲು ಕುಟ್ಟಿದರೆ ಕೆಳಗಿನ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ಅಂಗಡಿಯವರು ಮೇಲೆ ಬಂದು, ‘ಮಿಸ್ಸಾರೆ, ಇವತ್ತು ಸ್ವಲ್ಪ ಕೈ ಆಡ್ಸೋದು ಮಾತ್ರ ಹೇಳ್ಕೊಡ್ರಿ, ಹೊಸ ಸರಕು ಬಂದೈತೆ’ ಎನ್ನುತ್ತಿದ್ದರು.

ಅದೇ ಹೊಳಲ್ಕೆರೆಯ ವಾರ್ಷಿಕೋತ್ಸವದಲ್ಲಿ ಒಂದು ಎಡವಟ್ಟಾಯಿತು. ಹಾಡಿನ ಕ್ಯಾಸೆಟ್ಟು ಹಾಕಿದರೆ ಯಾರದೋ ಮದುವೆಯ ವಾಲಗ ಬಂತು. ನಕಲು ಮಾಡಿಕೊಟ್ಟ ಅಂಗಡಿಯವನು ಕ್ಯಾಸೆಟ್ಟು ಅದಲುಬದಲು ಮಾಡಿದ್ದ. ವೇದಿಕೆಯ ಮೇಲಿದ್ದ ಪುಟ್ಟ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ವಾಲಗಕ್ಕೇ ಕೊನೆಯವರೆಗೂ ಕುಣಿದರು. ಜನ ಇದೇ ಸರಿ ಎಂದುಕೊಂಡು ಚಪ್ಪಾಳೆ ಹೊಡೆದರು. ಅವತ್ತಿನಿಂದ ನಾನು ಯಂತ್ರ ನಂಬುವುದನ್ನು ಬಿಟ್ಟೆ. ಮಣೆ ಮತ್ತು ಕೋಲು ಚೀಲದಲ್ಲಿ ಸದಾ ಇರುತ್ತಿದ್ದವು. ಕೋಲಿನಿಂದ ಮಣೆ ತಟ್ಟುತ್ತ, ಬಾಯಲ್ಲಿ ‘ತೈಯಾ ತೈ’ ಎಂದು ಜತಿ ಹೇಳುತ್ತ ಕುಣಿಸುತ್ತಿದ್ದೆ. ನೃತ್ಯದ ಟೀಚರ ಗಂಟಲು ಎಂದರೆ ಮಕ್ಕಳ ಕಾಲಿಗೆ ಕಟ್ಟಿದ ದಾರವಿದ್ದಂತೆ. ಇದನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು.

ರೇಣುಕಾ ನನಗೆ ಸಿಕ್ಕಿದ್ದು ಹೊಸದುರ್ಗದಲ್ಲಿ. ಮಾಡದಕೆರೆ ಕಡೆಯ ಒಂದು ಕುರಿಗಾಹಿ ಹಟ್ಟಿಯ ಹುಡುಗಿ, ಹಾಸ್ಟೆಲಿನಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಳು. ಮೊದಲ ದಿನ ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ಕೂರಿಸಿದರೆ ಬೇರೆ ಮಕ್ಕಳ ತೊಡೆ ನಡುಗುತ್ತಿತ್ತು. ಇವಳು ಹಾಗೇ ಕಲ್ಲಿನಂತೆ ಕೂತಿದ್ದಳು.

‘ಮೊದ್ಲು ಎಲ್ಲಿ ಕಲ್ತಿದ್ದೆ?’ ಎಂದು ಕೇಳಿದೆ.

‘ಎಲ್ಲೂ ಇಲ್ಲ ಮಿಸ್. ಕುರಿ ಹಿಂದೆ ಓಡ್ತಿದ್ದೆ.’

ಅವಳ ಅಪ್ಪ ಅವ್ವ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಭದ್ರಾ ನೀರಿನ ಗದ್ದೆಗಳ ಕಡೆ ಹೋಗುತ್ತಿದ್ದರು. ನಮ್ಮ ವಾರ್ಷಿಕೋತ್ಸವ ಪ್ರತಿ ವರ್ಷವೂ ಬೇಸಿಗೆಯಲ್ಲೇ ಬರುತ್ತಿತ್ತು. ಮಿಕ್ಕ ಮಕ್ಕಳ ತಾಯಂದಿರು ಜಡೆ ಹೆಣೆದು, ಹೂ ಮುಡಿಸಿ, ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ರೇಣುಕಾಳ ಜಡೆ ನಾನು ಹೆಣೆಯುತ್ತಿದ್ದೆ. ‘ನಿಮ್ಮವ್ವ ಬರಲ್ವಾ?’ ಎಂದರೆ, ‘ನಮ್ಮವ್ವ ಈಗ ಗದ್ದೆ ಸೀಮೇಲಿ ಅವ್ಳೆ ಮಿಸ್. ಮಳೆ ಬಿದ್ಮೇಲೆ ಬರ್ತಾಳೆ’ ಎನ್ನುತ್ತಿದ್ದಳು. ಅವಳು ನನ್ನಲ್ಲಿ ಕಲಿತಷ್ಟು ವರ್ಷವೂ ಈರಕ್ಕ, ಅವಳ ಅವ್ವ, ಒಂದು ಸಲವೂ ಮಗಳ ಕುಣಿತ ನೋಡಲಿಲ್ಲ. ಬೇಡವೆಂದೇನಲ್ಲ, ಕುರಿಗೆ ಮೇವು ಎಲ್ಲಿದೆಯೋ ಅಲ್ಲಿ ಅವರಿರಬೇಕಿತ್ತು.

ರೇಣುಕಾ ನರ್ಸಿಂಗ್ ಓದಿದಳು. ಹೊಳಲ್ಕೆರೆಯ ಶಿವರಾಜನನ್ನು ಮದುವೆಯಾದಳು. ಅವನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವನು. ಇಬ್ಬರಿಗೂ ಇಂಗ್ಲೆಂಡಿನ ಒಂದು ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೋದ ಎಷ್ಟೋ ದಿನದ ಮೇಲೆ ಫೋನು ಬಂತು.

‘ಮಿಸ್, ಇಲ್ಲಿ ಕನ್ನಡದೋರ ಮಕ್ಳು ಅವೆ. ಡ್ಯಾನ್ಸ್ ಹೇಳ್ಕೊಡು ಅಂತಾರೆ. ನಾನು ಅರ್ಧ ಕಲ್ತೋಳು, ಹೆಂಗ್ ಹೇಳ್ಕೊಡ್ಲಿ?’

‘ಅರ್ಧ ಗೊತ್ತಿದ್ರೆ ಅರ್ಧ ಹೇಳ್ಕೊಡು. ಮಿಕ್ಕಿದ್ದನ್ನ ನಾನು ನಿಂಗೆ ಹೇಳ್ಕೊಡ್ತೀನಿ’ ಎಂದೆ.

ಭಾನುವಾರ ಮಧ್ಯಾಹ್ನ, ಚರ್ಚಿನ ಪಕ್ಕದ ಹಾಲಿನಲ್ಲಿ ತರಗತಿ ಶುರುವಾಯಿತು. ಮರದ ನೆಲವಂತೆ. ‘ಕಾಲು ಇಟ್ರೆ ಮದ್ದಳೆ ಬಾರಿಸ್ದಂಗೆ ಕೇಳ್ತೈತೆ ಮಿಸ್’ ಎಂದು ಸಂಭ್ರಮದಿಂದ ಹೇಳಿದ್ದಳು. ಬರಬರುತ್ತ ನನ್ನನ್ನೂ ವಿಡಿಯೋದಲ್ಲಿ ಕೂರಿಸಿದರು. ಇಲ್ಲಿ ಸಂಜೆ, ಅಲ್ಲಿ ಮಧ್ಯಾಹ್ನ. ಅಲ್ಲಿಯ ತಂದೆತಾಯಂದಿರು ಹಾಲಿನ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಒಬ್ಬ ತಂದೆ, ‘ಮೇಡಂ, ಈ ಕಲೆ ಎಷ್ಟು ಸಾವಿರ ವರ್ಷ ಹಳೆಯದು ಅಂತ ಮಕ್ಕಳಿಗೆ ಸ್ವಲ್ಪ ಹೇಳಿ. ಅವರಿಗೆ ತಮ್ಮ ಬೇರು ಗೊತ್ತಾಗಬೇಕು’ ಎಂದರು. ಅವರ ಮಗಳು ಕೈಯೆತ್ತಿ, ಇಂಗ್ಲಿಷಿನಲ್ಲಿ, ಒಂದಕ್ಕೆ ಹೋಗಬಹುದೇ ಎಂದು ಕೇಳಿದಳು. ನಾನು ಮೊದಲು ಮಗುವನ್ನು ಕಳಿಸಿದೆ. ಆ ತಂದೆಯನ್ನು ನಾನು ಹಾಸ್ಯ ಮಾಡುತ್ತಿಲ್ಲ. ದೂರದಲ್ಲಿರುವವರಿಗೆ ಕೈಯಲ್ಲಿ ಹಿಡಿಯಲು ಏನಾದರೂ ಬೇಕು. ಶಾಲೆಯಲ್ಲಿ ದಿನವೂ ‘ನೀನು ಎಲ್ಲಿಯವಳು’ ಎಂದು ಕೇಳಿಸಿಕೊಳ್ಳುವ ಮಗುವಿಗೆ ತೋರಿಸಲು ಒಂದು ಉತ್ತರ ಬೇಕು. ಗೆಜ್ಜೆ ಕಟ್ಟಿದರೆ ಉತ್ತರ ಕಾಲಲ್ಲೇ ಇರುತ್ತದೆ ಎಂದು ಅವರು ತಿಳಿದಿದ್ದರು.

ಈ ವಿಡಿಯೋ ಪಾಠದ ಮೊದಲ ದಿನ ನಗೆಪಾಟಲಾಯಿತು. ನಾನು ಇಲ್ಲಿ ‘ತೈಯಾ ತೈ’ ಎಂದು ಕೋಲು ತಟ್ಟಿದರೆ, ಅದು ಅಲ್ಲಿಗೆ ತಲುಪುವಾಗ ತಡ. ಅವರ ಹೆಜ್ಜೆ ನನಗೆ ಕಾಣುವಾಗ ಇನ್ನೂ ತಡ. ನಾನು ಅವರು ತಾಳ ತಪ್ಪಿದರೆಂದು ಬೈಯುತ್ತೇನೆ, ಅವರು ನಾನು ತಪ್ಪಿದೆನೆಂದು ನಿಂತುಬಿಡುತ್ತಾರೆ. ಸಾಕಷ್ಟು ಒದ್ದಾಡಿದ ಮೇಲೆ ತಿಳಿಯಿತು, ದೂರದಿಂದ ತಾಳ ಹಾಕಲಾಗುವುದಿಲ್ಲ. ನೋಡಬಹುದು, ತಿದ್ದಬಹುದು, ಮಾಡಿ ತೋರಿಸಬಹುದು. ತಾಳ ಹಾಕುವವರು ಮಾತ್ರ ಅಲ್ಲೇ, ಆ ಮಗುವಿನ ಎದುರಿನಲ್ಲೇ ಇರಬೇಕು. ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ನೋಡುವುದು, ರೇಣುಕಾ ನೆಲದ ಮೇಲೆ ಮಣೆಯಿಟ್ಟುಕೊಂಡು ತಟ್ಟುವುದು ಎಂದು ಗೊತ್ತುಮಾಡಿಕೊಂಡೆವು. ವಾರದ ದಿನಗಳ ಅಭ್ಯಾಸಕ್ಕೂ ಅವಳೇ ಜತಿ ಹೇಳಿ, ಆ ದನಿಯನ್ನು ಫೋನಿನಲ್ಲಿ ತುಂಬಿ ಮಕ್ಕಳಿಗೆ ಕಳಿಸುತ್ತಿದ್ದಳು.

ಆ ಮಕ್ಕಳಲ್ಲಿ ಅವಳ ಮಗಳು ಇಂಚರಾಳೂ ಒಬ್ಬಳು. ಅಲ್ಲೇ ಹುಟ್ಟಿದವಳು. ತೆಳ್ಳಗೆ, ಉದ್ದಕ್ಕೆ, ತಾಯಿಯ ಹಾಗೆ ಗಟ್ಟಿ ತೊಡೆ. ಇಂಗ್ಲಿಷು ಅಲ್ಲಿಯವರ ಹಾಗೆ ಮಾತಾಡುತ್ತಿದ್ದಳು. ಕನ್ನಡ ಮಾತಾಡಿದರೆ ಮಾತ್ರ ಸಾಕ್ಷಾತ್ ಮಾಡದಕೆರೆ. ಮನೆಯಲ್ಲಿ ಅವ್ವನ ಬಾಯಿಂದ ಕಲಿತದ್ದು ಅದೊಂದೇ ಕನ್ನಡ. ಒಂದು ರಾಜ್ಯೋತ್ಸವಕ್ಕೆ ಅಲ್ಲಿಯ ಕನ್ನಡಿಗರು ಸೇರಿದಾಗ, ಅವಳ ನೃತ್ಯವಾದ ಮೇಲೆ ನಿರೂಪಕರು ಮೈಕು ಹಿಡಿದು, ‘ಹೇಗನ್ನಿಸ್ತು ಪುಟ್ಟಿ?’ ಎಂದರಂತೆ. ಇವಳು, ‘ಬೋ ಚೆಂದಾಗೈತೆ. ಕಾಲು ನೋಯ್ತಾವೆ’ ಎಂದಳಂತೆ. ಇಡೀ ಸಭೆಯೇ ನಕ್ಕಿತಂತೆ. ನಿರೂಪಕರು ಅದನ್ನೇ ಮೈಕಿನಲ್ಲಿ ಅನುಕರಿಸಿ ಇನ್ನೊಮ್ಮೆ ನಗಿಸಿದರಂತೆ. ಆಮೇಲೆ ಹುಡುಗಿ ಮನೆಯಲ್ಲೂ ಕನ್ನಡ ಬಿಟ್ಟುಬಿಟ್ಟಳು.

ರೇಣುಕಾ ನನಗೆ ಫೋನು ಮಾಡಿ ಅತ್ತಳು. ‘ಇಷ್ಟು ದೂರ ಬಂದು ನಮ್ಮ ಹಟ್ಟಿ ಮಾತು ಕಲ್ಸಿದ್ದು ತಪ್ಪಾಯ್ತಾ ಮಿಸ್?’

ತಪ್ಪಲ್ಲ ಎಂದು ಹೇಳುವುದು ಸುಲಭ. ಮುಂದಿನ ಭಾನುವಾರ ಪಾಠ ಮುಗಿದು ಬೇರೆ ಮಕ್ಕಳು ಹೋದ ಮೇಲೆ ನಾನು ಇಂಚರಾಳನ್ನು ನಿಲ್ಲಿಸಿಕೊಂಡೆ. ಎಷ್ಟೋ ವರ್ಷದಿಂದ ತರಗತಿಯಲ್ಲಿ ಆಡದಿದ್ದ ನನ್ನ ಬಬ್ಬೂರಿನ ಮಾತನ್ನು ಆಡಿದೆ. ‘ಏನವ್ವ, ಉಂಡ್ಯಾ? ಕಾಲು ನೋವು ಹೋಯ್ತಾ, ಇನ್ನೂ ಐತಾ?’

ಅವಳು ಫೋನಿನ ಹತ್ತಿರಕ್ಕೆ ಮುಖ ತಂದಳು. ‘ಮಿಸ್! ನೀವು ನಮ್ಮವ್ವನಂಗೆ ಮಾತಾಡ್ತೀರಾ!’

‘ಮತ್ತೆ? ನಾನೂ ಆ ಕಡೆಯೋಳೇ ಅಲ್ವಾ.’

ಅಂದಿನಿಂದ ನಾನೂ ಅವಳೂ ಬೇರೆ ಭಾಷೆ ಆಡಲಿಲ್ಲ.

ಅವಳಿಗೆ ಹದಿನಾರು ತುಂಬುವ ಬೇಸಿಗೆ ರಜೆಯಲ್ಲಿ ಚಿತ್ರದುರ್ಗದಲ್ಲೇ ರಂಗಪ್ರವೇಶ ಮಾಡಿಸಬೇಕೆಂದು ರೇಣುಕಾ ಹಟ ಹಿಡಿದಳು. ಇಂಗ್ಲೆಂಡಿನಲ್ಲೇ ಮಾಡಿದರೆ ಜನ ಸೇರುತ್ತಾರೆ ಎಂದು ಗಂಡ ಹೇಳಿದರೂ ಕೇಳಲಿಲ್ಲ. ಅಷ್ಟೊತ್ತಿಗೆ ಅವಳ ಅಪ್ಪ ತೀರಿಕೊಂಡು, ತಮ್ಮ ಚಿಕ್ಕಣ್ಣ ಕುರಿ ಮಾರಿ ಜಮೀನಿಗೆ ನಿಂತಿದ್ದ. ಈರಕ್ಕ ವರ್ಷವಿಡೀ ಹಟ್ಟಿಯಲ್ಲೇ ಇರುತ್ತಿದ್ದಳು. ‘ಅವ್ವ ನಂದಂತೂ ನೋಡ್ಲಿಲ್ಲ ಮಿಸ್. ಮೊಮ್ಮಗಳದ್ದಾದ್ರೂ ನೋಡ್ಲಿ. ನಾನೇ ಪಕ್ಕದಾಗೆ ಕುಂತು ತಾಳ ಹಾಕ್ತೀನಿ. ಒಂದೇ ಸಲಕ್ಕೆ ಇಬ್ರನ್ನೂ ನೋಡ್ದಂಗಾಗ್ತೈತೆ’ ಎಂದು ನಕ್ಕಳು. ಆ ನಗುವೇ ನಾನು ಕೊನೆಯದಾಗಿ ನೋಡಿದ್ದು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಶಿವರಾಜನ ಫೋನು ಬಂತು. ಡ್ಯೂಟಿಯಲ್ಲಿದ್ದಾಗಲೇ ಕುಸಿದಳಂತೆ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ತಾನು ಕೆಲಸ ಮಾಡುವ ವಾರ್ಡಿನ ಪಕ್ಕದ ವಾರ್ಡಿನಲ್ಲೇ ಎರಡು ದಿನ ಮಲಗಿದ್ದು ಹೋದಳು. ‘ಮಿಸ್, ಅವಳ ಊರಿಗೆ ನೀವೇ ಹೋಗಿ ಹೇಳ್ರಿ. ನನ್ನ ಕೈಲಿ ಫೋನಾಗೆ ಹೇಳಾಕೆ ಆಗಲ್ಲ’ ಎಂದ.

ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಅವಳನ್ನು ಇಂಗ್ಲೆಂಡಿನಲ್ಲೇ ಮಣ್ಣು ಮಾಡಿದ ದಿನವೂ ನಾನು ಹಟ್ಟಿಗೆ ಹೋಗಿದ್ದೆ. ಅಂಗಳದಲ್ಲಿ ಹೆಂಗಸರೆಲ್ಲ ಕೂತಿದ್ದರು. ಚಿಕ್ಕಣ್ಣ ಈರಕ್ಕನ ಮುಂದೆ ಫೋನು ಹಿಡಿದಿದ್ದ. ಅದರಲ್ಲಿ ಕಪ್ಪು ಕೋಟು ತೊಟ್ಟ ಕೆಲವರು ತಲೆ ತಗ್ಗಿಸಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಶಿವರಾಜನ ಪಕ್ಕದಲ್ಲಿ ಇಂಚರಾ ಕೈ ಕಟ್ಟಿಕೊಂಡು ನಿಂತಿದ್ದಳು. ಈರಕ್ಕ ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು:

‘ಚಿಕ್ಕಾ, ಅಲ್ಲಿ ಮಣ್ಣು ಹೆಂಗೈತಲಾ? ಕೆಂಪಗೈತಾ, ಕಪ್ಪಗೈತಾ?’

‘ಕಾಣಲ್ಲ ಕಣವ್ವ. ಮೇಲೆ ಬೆಳ್ಳಗೆ ಮಂಜು ಬಿದ್ದೈತೆ.’

‘ಥಂಡಿ ಆಗ್ತೈತೇನೋ ಅವ್ಳಿಗೆ’ ಎಂದಳು.

ಅಂಗಳದಲ್ಲಿ ಹೆಂಗಸರು ಹಾಡಿಕೊಂಡು ಅಳಲು ಶುರುಮಾಡಿದರು. ಸತ್ತವಳ ಹೆಸರು ಹಿಡಿದು, ಅವಳು ಆಡಿದ್ದು, ಉಂಡಿದ್ದು, ಉಟ್ಟಿದ್ದು, ಎಲ್ಲವನ್ನೂ ರಾಗವಾಗಿ ಕರೆದು ಅಳುವುದು ನಮ್ಮ ಕಡೆಯ ರೂಢಿ. ಆ ಅಳು ಫೋನಿನಲ್ಲಿ ಅಲ್ಲಿಗೂ ಕೇಳಿಸಿರಬೇಕು. ಕೋಟು ತೊಟ್ಟವರಲ್ಲಿ ಒಬ್ಬರು ತಿರುಗಿ ನೋಡಿದರು. ಶಿವರಾಜ ಗಾಬರಿಯಿಂದ ಮುಂದೆ ಬಂದು ಫೋನಿನ ದನಿ ನಿಲ್ಲಿಸಿದ. ಆಮೇಲೆ ಅಲ್ಲಿಗೆ ಏನೂ ಕೇಳಿಸಲಿಲ್ಲ.

ರಂಗಪ್ರವೇಶ ನಿಲ್ಲುತ್ತದೆ ಎಂದುಕೊಂಡಿದ್ದೆ. ತಿಂಗಳಾದ ಮೇಲೆ ಶಿವರಾಜ, ‘ಅವಳು ಆಸೆಪಟ್ಟಿದ್ದು ಮಿಸ್. ನಿಲ್ಸಬಾರ್ದು’ ಎಂದ. ಪಾಠ ಮತ್ತೆ ಶುರುವಾಯಿತು. ಭಾನುವಾರದ ಹಾಲಿನ ತರಗತಿ ನಿಂತಿತ್ತು. ಇಂಚರಾ ಮನೆಯ ಕೋಣೆಯಲ್ಲಿ ಮಂಚ ಸರಿಸಿ ಒಬ್ಬಳೇ ಕುಣಿಯುತ್ತಿದ್ದಳು. ತಾಳಕ್ಕೆ ಅವಳ ಅವ್ವ ಹಿಂದೆ ತುಂಬಿಟ್ಟ ದನಿಯೇ ಇತ್ತು. ಸತ್ತವಳ ದನಿಗೆ ಮಗಳು ಕುಣಿಯುವುದನ್ನು ನನ್ನಿಂದ ನೋಡಲಾಗಲಿಲ್ಲ. ನಾನೇ ಎಲ್ಲ ಜತಿಗಳನ್ನೂ ಹೇಳಿ ಕಳಿಸಿದೆ. ಒಂದೆರಡು ವಾರ ಅದಕ್ಕೆ ಕುಣಿಯಲು ನೋಡಿದಳು. ‘ನಿಮ್ದು ಬ್ಯಾರೆ ಥರ ಐತೆ ಮಿಸ್. ಉಸಿರು ಬಿಡೋ ಜಾಗ ಸಿಗಲ್ಲ’ ಎಂದು ಮತ್ತೆ ಅವ್ವನ ದನಿಯನ್ನೇ ಹಾಕಿಕೊಂಡಳು.

ಅಪ್ಪ ಮಗಳು ರಜೆಯಲ್ಲಿ ಬಂದು ನಮ್ಮ ಬೀದಿಯಲ್ಲೇ ಬಾಡಿಗೆಗೆ ಒಂದು ಮನೆ ಹಿಡಿದರು. ದೊಡ್ಡ ಮೇಡಂಗೆ ಆಗ ಬಹಳ ವಯಸ್ಸಾಗಿದ್ದರೂ ಕುರ್ಚಿ ಹಾಕಿಸಿಕೊಂಡು ಅಭ್ಯಾಸ ನೋಡಲು ಬರುತ್ತಿದ್ದರು. ತಾಳ ಹಾಕಲು ನಾನು ಕೂತೆ. ಹುಡುಗಿ ಎಲ್ಲೂ ತಪ್ಪಲಿಲ್ಲ. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, ‘ಅಂಗಶುದ್ಧಿ ಇದೆ ವಿಮಲಾ. ಮುಖದಲ್ಲಿ ಮಾತ್ರ ಯಾರೂ ಇಲ್ಲ. ಕರುಣರಸ ಬಂದಾಗಲೂ ಗೋಡೆ ನೋಡಿದ ಹಾಗೆ ನೋಡ್ತಾಳೆ. ಅವಳಿಗೆ ಅಳೋದನ್ನ ಕಲಿಸು’ ಎಂದರು.

ಮಾರನೆಯ ದಿನ ಬೆಳಿಗ್ಗೆ ಅವಳನ್ನು ಊರಾಚೆಯ ಜೋಗಿಮಟ್ಟಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮೇಲೆ ಗಾಳಿ ಜೋರಾಗಿತ್ತು. ಬಂಡೆಯ ಮರೆಯಲ್ಲಿ ಕೂತೆವು. ಅವಳೇ ಮಾತು ತೆಗೆದಳು.

‘ಮೇಡಂ ಅಳೋದನ್ನ ತೋರ್ಸು ಅಂತಾರೆ. ನಾನು ಇನ್ನೂ ಅತ್ತೇ ಇಲ್ಲ ಮಿಸ್.’

‘ಯಾಕವ್ವ?’

‘ಅವತ್ತು ಅಲ್ಲಿ ಎಲ್ರೂ ಸುಮ್ನೆ ನಿಂತಿದ್ರು. ಫೋನಾಗೆ ಇಲ್ಲಿಯೋರು ಅಳೋದು ಕೇಳಿಸ್ತು. ಅಪ್ಪ ಆಫ್ ಮಾಡಿದ್ರು. ನಂಗೆ ನಾಚ್ಕೆ ಆಯ್ತು. ಅಳಾಕೆ ನಾಚ್ಕೆನೋ, ಅಳ್ದೆ ಇರಾಕೆ ನಾಚ್ಕೆನೋ ಗೊತ್ತಾಗ್ಲಿಲ್ಲ. ಆಮೇಲೆ ಬರ್ಲೇ ಇಲ್ಲ.’

ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಕರುಣರಸಕ್ಕೆ ಹುಬ್ಬು ಹೀಗೆ, ರೆಪ್ಪೆ ಹೀಗೆ, ಉಸಿರು ಹೀಗೆ ಎಂದು ನೂರಾರು ಮಕ್ಕಳಿಗೆ ಹೇಳಿಕೊಟ್ಟವಳು ನಾನು.

ಆ ವಾರವೇ ಅವಳನ್ನು ಮಾಡದಕೆರೆಗೆ ಕರೆದೊಯ್ದೆ. ಹಟ್ಟಿಯ ಮುಂದೆ ಈರಕ್ಕ ನಿಂತಿದ್ದಳು. ‘ಬರ್ರಿ ಟೀಚರಮ್ಮಾರೆ, ಕುಂತ್ಕಳ್ರಿ’ ಎಂದವಳೇ ಮೊಮ್ಮಗಳನ್ನು ತಬ್ಬಿಕೊಂಡು ರಾಗ ತೆಗೆದು ಅತ್ತಳು. ಅಕ್ಕಪಕ್ಕದ ಹೆಂಗಸರೂ ದನಿಗೂಡಿಸಿದರು. ಇಂಚರಾ ಅಜ್ಜಿಯ ತೋಳಿನಲ್ಲಿ ಕಂಬದ ಹಾಗೆ ನಿಂತಿದ್ದಳು.

ಊಟವಾದ ಮೇಲೆ ಒಬ್ಬ ಹೆಂಗಸು, ‘ಅದೇನೋ ಕುಣಿತಾಳಂತಲ್ಲ, ಅಜ್ಜಿಗೆ ಒಸಿ ತೋರ್ಸವ್ವ’ ಎಂದಳು. ನಾನು ಮಣೆ ತಂದಿರಲಿಲ್ಲ. ಬಾಯಲ್ಲೇ ಹೇಳುತ್ತೇನೆ ಎನ್ನುವಷ್ಟರಲ್ಲಿ ಇಂಚರಾ ಅಭ್ಯಾಸದ ಮಾಮೂಲಿನಂತೆ ಫೋನನ್ನು ಜಗಲಿಯ ಮೇಲಿಟ್ಟು ಒತ್ತಿದಳು. ಅವಳಿಗೆ ಬೇರೆ ಯೋಚನೆ ಇರಲಿಲ್ಲ. ನನಗೂ ತಡೆಯಬೇಕೆಂದು ಹೊಳೆಯಲಿಲ್ಲ.

ಕೋಲಿನ ಸದ್ದು, ಅದರ ಹಿಂದೆ ರೇಣುಕಾಳ ದನಿ. ‘ತೈಯಾ ತೈ, ತೈಯಾ ತೈ...’ ಇಂಚರಾ ಅರೆಮಂಡಿಯಲ್ಲಿ ಕೂತು ಕಾಲೆತ್ತಿದಳು. ನಡುವೆ ದನಿ ಗದರಿತು: ‘ಲೇ ಇಂಚೂ, ಮಂಡಿ ಬಗ್ಸೇ! ಇನ್ನೂ ಬಗ್ಸು!’

ಈರಕ್ಕ ಎದ್ದು ನಿಂತಳು. ‘ರೇಣೀ...’

‘ರೇಣೀ, ಎಲ್ಲವ್ಳೆ? ಚಿಕ್ಕಾ, ಎಲ್ಲವ್ಳೋ?’ ಎಂದು ಬಾಗಿಲ ಕಡೆ ನೋಡಿದಳು, ರಸ್ತೆಯ ಕಡೆ ನೋಡಿದಳು.

‘ಫೋನಾಗೆ ಕಣವ್ವ. ಹಳೇದು. ತುಂಬಿ ಇಟ್ಟಿದ್ದು’ ಎಂದ ಚಿಕ್ಕಣ್ಣ.

ಅವಳು ಜಗಲಿಗೆ ಬಂದು ಫೋನನ್ನು ಎರಡೂ ಕೈಯಲ್ಲಿ, ಮರಿ ಎತ್ತಿಕೊಂಡಂತೆ ಎತ್ತಿಕೊಂಡಳು. ಬಾಯಿಯ ಹತ್ತಿರ ತಂದು, ‘ಉಂಡ್ಯೇನವ್ವ?’ ಎಂದು ಕೇಳಿದಳು. ದನಿ ‘ತೈಯಾ ತೈ’ ಎನ್ನುತ್ತಲೇ ಇತ್ತು. ‘ಉಂಡ್ಯಾ ರೇಣೀ?’ ಎಂದು ಮತ್ತೆ ಕೇಳಿದಳು.

ಅಂಗಳದ ನಡುವೆ ಇಂಚರಾ ಇನ್ನೂ ಅರೆಮಂಡಿಯಲ್ಲಿದ್ದಳು. ಹಾಗೇ ಕೆಳಗೆ ಕೂತುಬಿಟ್ಟಳು. ಅವಳ ಗಂಟಲಿನಿಂದ ಬಂದ ಸದ್ದು ಮೊದಲು ಅಳುವಿನಂತೆಯೇ ಇರಲಿಲ್ಲ. ಆಮೇಲೆ ‘ಅವ್ವಾ’ ಎಂದು ಬಂತು. ಈರಕ್ಕ ಫೋನು ಹಿಡಿದುಕೊಂಡೇ ಅವಳ ಪಕ್ಕ ಬಂದು ಕೂತಳು. ಆ ಹೊತ್ತು ಹೆಂಗಸರು ಯಾರೂ ರಾಗ ತೆಗೆಯಲಿಲ್ಲ. ಅವರಿಬ್ಬರನ್ನೂ ಅವರಷ್ಟಕ್ಕೆ ಬಿಟ್ಟರು. ಹಟ್ಟಿಯವರಿಗೆ ಅದು ತಿಳಿಯುತ್ತದೆ.

ವಾಪಸು ಬರುವಾಗ ನಾನು ಅವಳಿಗೆ, ‘ಬೇಡಾಂದ್ರೆ ಬೇಡ ಕಣವ್ವ. ನಿಮ್ಮಪ್ಪಂಗೂ ಮೇಡಂಗೂ ನಾನು ಹೇಳ್ತೀನಿ’ ಎಂದೆ. ಅವಳು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸದೆ, ‘ಒಂದ್ಸಲ ಮಾಡ್ತೀನಿ ಮಿಸ್. ಅವ್ವಂಗೆ ಹೇಳಿದ್ದೆ’ ಎಂದಳು.

ರಂಗಪ್ರವೇಶವಾಯಿತು. ಈರಕ್ಕ ಬರಲಿಲ್ಲ. ‘ಮಗ್ಳು ಹೋಗಿ ವರ್ಷ ತುಂಬಿಲ್ಲ. ಸೂತಕದೋಳು ಶುಭಕಾರ್ಯಕ್ಕೆ ಬಂದ್ರೆ ಮಗೀಗೆ ಒಳ್ಳೇದಾಗಲ್ಲ’ ಎಂದು ಹೇಳಿಕಳಿಸಿದಳು. ಮೊದಲ ಸಾಲಿನಲ್ಲಿ ಅವಳಿಗೆಂದು ಇಟ್ಟ ಕುರ್ಚಿಯಲ್ಲಿ ಯಾರೋ ತಮ್ಮ ಶಾಲು ಇಟ್ಟುಕೊಂಡರು. ಇಂಚರಾ ಆ ಸಂಜೆ ಕುಣಿದ ಹಾಗೆ ನಮ್ಮ ಶಾಲೆಯಲ್ಲಿ ಯಾರೂ ಕುಣಿದದ್ದನ್ನು ನಾನು ಕಂಡಿಲ್ಲ. ತಾಯಿ ಮಗುವನ್ನು ಕರೆಯುವ ಭಾಗದಲ್ಲಿ ಅವಳು ಕೈ ಚಾಚಿದರೆ ದೊಡ್ಡ ಮೇಡಂ ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಮಾತ್ರ ತಾಳ ತಪ್ಪದಂತೆ ಹಲ್ಲು ಕಚ್ಚಿ ಕೂತಿದ್ದೆ.

ಮುಖ್ಯ ಅತಿಥಿಗಳು, ಪರದೇಶದಲ್ಲಿ ಹುಟ್ಟಿಯೂ ನಮ್ಮ ಸಂಸ್ಕೃತಿಯನ್ನು ಉಳಿಸಿದ ಕುಡಿ ಎಂದು ಬಹಳ ಹೊತ್ತು ಮಾತಾಡಿದರು. ಆಮೇಲೆ ಇಂಚರಾಳಿಗೆ ಮೈಕು ಕೊಟ್ಟರು. ಅವಳು, ‘ನಂಗೆ ಜಾಸ್ತಿ ಮಾತಾಡಾಕೆ ಬರಲ್ಲ. ನಮ್ಮವ್ವ ಇಲ್ಲಿ ಕುಂತು ತಾಳ ಹಾಕ್ಬೇಕಿತ್ತು. ಅವ್ಳಿಲ್ಲ. ನಮ್ಮಜ್ಜಿ ಬರ್ಬೇಕಿತ್ತು, ಆಗ್ಲಿಲ್ಲ. ನೀವು ಬಂದ್ರಿ. ಎಲ್ರಿಗೂ ಶರಣು’ ಎಂದಳು. ಹಾಲಿನಲ್ಲಿ ಕೂತವರು ಹೊಸದುರ್ಗದವರು, ಹೊಳಲ್ಕೆರೆಯವರು, ದುರ್ಗದವರು. ಯಾರೂ ನಗಲಿಲ್ಲ. ಅವರ ಮನೆಯ ಮಾತೇ ಅದು.

ಒಳಕೋಣೆಯಲ್ಲಿ ಗೆಜ್ಜೆ ಬಿಚ್ಚಲು ನಾನು ಬಗ್ಗಿದರೆ, ‘ಬ್ಯಾಡ ಮಿಸ್, ನಾನೇ ಬಿಚ್ಕಳ್ತೀನಿ’ ಎಂದಳು. ಬಿಚ್ಚಿ, ಒರೆಸಿ, ಕಣ್ಣಿಗೊತ್ತಿಕೊಂಡು, ‘ಮುಗೀತು’ ಎಂದಳು. ಕಾರ್ಯಕ್ರಮ ಮುಗಿಯಿತು ಎನ್ನುತ್ತಿದ್ದಾಳೆ ಎಂದುಕೊಂಡೆ.

ಅವರು ಇಂಗ್ಲೆಂಡಿಗೆ ವಾಪಸು ಹೋದ ಮೇಲೆ, ಮುಂದಿನ ವಿಡಿಯೋ ಪಾಠಕ್ಕೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನು ಫೋನು ಮಾಡಿ ಕೇಳಿದಾಗ ನೇರವಾಗಿ ಹೇಳಿದಳು. ‘ಅವ್ವ ತಾಳ ಹಾಕ್ದೆ ಕಾಲು ಏಳಲ್ಲ ಮಿಸ್. ಬೇಜಾರ್ ಮಾಡ್ಕಬ್ಯಾಡ್ರಿ.’ ನನಗೆ ಬೇಜಾರಾಯಿತು. ಸುಳ್ಳೇಕೆ ಹೇಳಲಿ, ದುಃಖವೇ ಆಯಿತು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಕೈಯಿಂದ ಹೊರಟ ಅತ್ಯುತ್ತಮ ಶಿಷ್ಯೆ ಅವಳು. ಅವಳು ಮುಂದೆ ಕಲಿಸುತ್ತಾಳೆ, ರೇಣುಕಾ ಕಲಿಸಿದ ಹಾಲಿನಲ್ಲೇ ಅವಳೂ ಮಣೆಯಿಟ್ಟು ಕೂರುತ್ತಾಳೆ ಎಂದು ಕನಸು ಕಟ್ಟಿದ್ದೆ. ಆ ಊರಿನ ಮಕ್ಕಳು ಈಗ ಬೇರೆ ಯಾರದೋ ವಿಡಿಯೋ ನೋಡಿಕೊಂಡು ಕಲಿಯುತ್ತಾರಂತೆ. ಹೊಸಬರಿಗೆ ಒಂದು ಮಾತು. ನೀವು ಕಲಿಸಿದವರೆಲ್ಲ ಕುಣಿಯುತ್ತಲೇ ಇರುವುದಿಲ್ಲ. ಬಿಟ್ಟವರ ಮೇಲೆ ಕೋಪ ಮಾಡಬೇಡಿ, ಯಾಕೆಂದು ಎರಡನೇ ಸಲ ಕೇಳಬೇಡಿ.

ನಾನು ಕೆಲಸ ಬಿಟ್ಟ ಮೇಲೆ, ಹೋದ ವರ್ಷದ ರಜೆಯಲ್ಲಿ ಇಂಚರಾ ಒಬ್ಬಳೇ ಬಂದಳು. ದುರ್ಗದಲ್ಲಿ ಉಳಿಯದೆ ನೇರ ಹಟ್ಟಿಗೆ ಹೋದಳು. ನಾನು ಹೊಸದುರ್ಗದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ನೋಡಲು ಹೋದೆ. ಅವಳು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನೃತ್ಯದ ಸುದ್ದಿ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಕಾಲೇಜಿನ ಮಾತು, ಅಪ್ಪನ ಸಕ್ಕರೆ ಕಾಯಿಲೆಯ ಮಾತು, ಹೀಗೆ ಆಡುತ್ತಿದ್ದೆವು. ಈರಕ್ಕನಿಗೆ ಕಣ್ಣು ಮಂಜಾಗಿತ್ತು. ಅವಳು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಕೇಳಿದಳು.

‘ಟೀಚರಮ್ಮಾರೆ, ನಮ್ ರೇಣಿ ಚೆಂದಾಗಿ ಕುಣಿತಿದ್ಳಾ?’

‘ಬಹಳ ಚೆಂದಾಗಿ ಈರಕ್ಕ.’

‘ಹೆಂಗೆ ಕುಣಿತಿದ್ಳು?’

ಮಾತಿನಲ್ಲಿ ಹೇಳಲು ಹೊರಟೆ. ಆಗಲಿಲ್ಲ. ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದೆ. ಈರಕ್ಕನಿಗೆ ಕಾಣಲೆಂದು ಅವಳ ಹತ್ತಿರವೇ ನಿಂತೆ. ಡಾಕ್ಟರು ಬೇಡವೆಂದಿದ್ದ ಅರೆಮಂಡಿಯಲ್ಲಿ ಕೂತೆ. ಹೈಸ್ಕೂಲಿನ ರೇಣುಕಾ ಕಡಪಾ ಕಲ್ಲಿನ ಮೇಲೆ ಹೇಗೆ ಕೂರುತ್ತಿದ್ದಳೋ, ಭುಜ ಎಷ್ಟು ಹಿಂದಕ್ಕೆ ಹಿಡಿಯುತ್ತಿದ್ದಳೋ, ಹಾಗೆ ಹಿಡಿದೆ. ಬಲಗಾಲು ಎತ್ತಿದೆ. ತಾಳವಿಲ್ಲದೆ ಕಾಲು ತಡಬಡಿಸಿತು.

ಜಗಲಿಯ ಮೇಲಿಂದ ‘ತೈಯಾ ತೈ’ ಎಂದು ಕೇಳಿಸಿತು. ಇಂಚರಾ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಅಂಗೈಯಿಂದ ಜಗಲಿಯ ಕಲ್ಲು ತಟ್ಟುತ್ತಿದ್ದಳು. ದನಿ ಅವಳದೇ. ಆದರೆ ಉಸಿರು ಬಿಡುವ ಜಾಗಗಳೆಲ್ಲ ಅವಳ ಅವ್ವನವು.

ನನ್ನಿಂದ ಆದಷ್ಟು ಕುಣಿದೆ. ನಿಂತಾಗ ಏದುಸಿರು ಬರುತ್ತಿತ್ತು. ಈರಕ್ಕ ಅಂಗೈಯನ್ನು ಹಣೆಗಿಟ್ಟುಕೊಂಡು, ನಾನಿದ್ದ ಜಾಗವನ್ನೇ ನೋಡುತ್ತಿದ್ದಳು.

‘ಹಂಗಾ’ ಎಂದಳು. ‘ಹಂಗೆ ಕುಣಿತಿದ್ಳಾ.’

ಆಮೇಲೆ ಸ್ವಲ್ಪ ಸರಿದು, ತನ್ನ ಪಕ್ಕದಲ್ಲಿ ನನಗೆ ಕೂರಲು ಜಾಗ ಮಾಡಿದಳು.